ಪಿಕಪ್ ಗಾಡಿಯ ಮೇಲೆ ಕೂರಿಸಿ ಮಲಗಲು ಬಳಸುವ ಪಾಪ್-ಅಪ್ ಕ್ಯಾಂಪರ್‌ನ ಸೂರು ಎತ್ತುವ ಹಲಗೆ ಉಬ್ಬಿದೆ, ಸ್ಕ್ರೂ ನಿಲ್ಲುತ್ತಿಲ್ಲ. ಇನ್ನೂ ದಪ್ಪ ಸ್ಕ್ರೂ ಹಾಕಿದರೆ ಸಾಕಾ? ಮನೆಯಲ್ಲೇ ರಿಪೇರಿ ಆಗುತ್ತಾ?

ಆಗುತ್ತೆ. ಆದರೆ ನೀವು ಕೇಳಿರುವ ಹಾಗೆ ಇನ್ನೂ ದಪ್ಪ ಸ್ಕ್ರೂ ಹಾಕಲು ಮಾತ್ರ ಹೋಗಬೇಡಿ. ಅದನ್ನು ನಾನು ಮಾಡಿ ಕೆಟ್ಟಿದ್ದೇನೆ.

ನಮ್ಮೂರು ಧಾರವಾಡ, ಇರುವುದು ಪುಣೆಯ ಕೋಥ್ರೂಡ್‌ನಲ್ಲಿ. ನನ್ನ ಪಿಕಪ್ ಮೇಲಿನ ಕ್ಯಾಂಪರ್‌ನಲ್ಲೂ ನಿಮ್ಮದರ ಹಾಗೆ ಮುಂದೊಂದು, ಹಿಂದೊಂದು ಮಡಚುವ ಹಲಗೆ. ಮೇಲೆ, ನಡುವೆ, ಕೆಳಗೆ ಉದ್ದಕ್ಕೂ ಪಿಯಾನೊ ಬಿಜಾಗರಿ, ಅಂದರೆ ಪಟ್ಟಿಯಂಥ ಉದ್ದನೆಯ ಬಿಜಾಗರಿ. ಕೈಯಲ್ಲಿ ನೂಕಿದರೆ ಹಲಗೆ ನೆಟ್ಟಗಾಗಿ ಸೂರು ಮೇಲೇಳುತ್ತದೆ. ಒಂದು ಜುಲೈಯಲ್ಲಿ ಅಂಬೋಲಿ ಘಾಟ್‌ನಲ್ಲಿ ಸೂರು ಎತ್ತುವಾಗ ಹಿಂದಿನ ಬಿಜಾಗರಿ ಕೈಗೇ ಬಂತು. ತೂತಿನ ಸುತ್ತ ಪ್ಲೈವುಡ್ ಚಹಾದಲ್ಲಿ ಅದ್ದಿದ ಖಾರಿ ಥರ ಪದರ ಪದರ ಬಿಟ್ಟಿತ್ತು. ಮನೆಗೆ ಬಂದು ಬೆಂಕಿಕಡ್ಡಿ ತುರುಕಿ, ಗಮ್ ಹಾಕಿ, ದಪ್ಪ ಸ್ಕ್ರೂ ಬಿಗಿದೆ. ಮುಂದಿನ ಟ್ರಿಪ್‌ನಲ್ಲೇ ಮತ್ತೆ ಕಿತ್ತಿತು. ಕೊಳೆತ ಪ್ಲೈವುಡ್ ಯಾವ ಸ್ಕ್ರೂವನ್ನೂ ಹಿಡಿಯಲ್ಲ. ಹಲಗೆಯನ್ನೇ ಬದಲಿಸಬೇಕು.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ನನ್ನದರಲ್ಲಿ ಸೂರಿನ ಅಂಚಿನ ಸೀಲಂಟ್ (ಸಂದು ಮುಚ್ಚುವ ಅಂಟು) ಬಿರುಕು ಬಿಟ್ಟಿತ್ತು. ಅದನ್ನು ಬಿಟ್ಟು ಹಲಗೆ ಬದಲಿಸಿದರೆ ದುಡ್ಡು ದಂಡ.

ಪ್ಲೈವುಡ್ ನಾನು ತಂದದ್ದು ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್‌ನಿಂದ. ಐಎಸ್ 710 (ಭಾರತೀಯ ಮಾನಕದ ಸಂಖ್ಯೆ) ಗುರುತು ಇರುವ, ನೀರಿಗೆ ಬೇಗ ಬಿಡದ ಮರೀನ್ ಪ್ಲೈ ಕೇಳಿ. ದಪ್ಪ ಹಳೆಯದರಷ್ಟೇ ಇರಲಿ. ಗಟ್ಟಿ ಇರಲಿ ಅಂತ 9ರ ಬದಲು 12 ಮಿ.ಮೀ. ಹಾಕಿದರೆ ಮಡಚಿದಾಗ ಎರಡು ಪದರ ಸೇರಿ 6 ಮಿ.ಮೀ. ಜಾಸ್ತಿಯಾಗುತ್ತದೆ, ಸೂರು ಪೂರ್ತಿ ಕೂರಲ್ಲ. ಹಳೆಯ ಹಲಗೆಯನ್ನೇ ಮೇಲಿಟ್ಟು ಗೆರೆ ಎಳೆದು ಕತ್ತರಿಸಿ.

ಈಗ ತೂತಿನ ವಿಷಯ. ನಿಜವಾದ ಕೆಲಸ ಇರುವುದು ಇಲ್ಲೇ. ಬಿಜಾಗರಿಗೆ ಸ್ಕ್ರೂ ಬದಲು ಹಲಗೆಯ ಆರಪಾರ ಹೋಗುವ ಬೋಲ್ಟ್ ಹಾಕಿ. ಬೋಲ್ಟ್ 4 ಮಿ.ಮೀ. ಇದ್ದರೆ ತೂತು 8 ಮಿ.ಮೀ. ಕೊರೆಯಿರಿ. ಹಿಂದೆ ಟೇಪ್ ಅಂಟಿಸಿ ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಕಲ್ಲಿನಂತೆ ಗಟ್ಟಿಯಾಗುವ ಅಂಟು) ತುಂಬಿ. ಮರುದಿನ ಗಟ್ಟಿಯಾದ ಮೇಲೆ ಅದರ ನಡುವೆ 4 ಮಿ.ಮೀ. ಕೊರೆಯಿರಿ. ಆಗ ಬೋಲ್ಟ್‌ಗೆ ಮರ ತಾಗುವುದೇ ಇಲ್ಲ, ನೀರು ಇಳಿದರೂ ಪ್ಲೈ ಕುಡಿಯಲ್ಲ. ಕತ್ತರಿಸಿದ ಅಂಚಿಗೂ ಎರಡು ಕೋಟ್ ಎಪಾಕ್ಸಿ. ಬಿಜಾಗರಿ, ಬೋಲ್ಟ್ ಎಲ್ಲ ಸ್ಟೇನ್‌ಲೆಸ್ ಇರಲಿ. ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ ಸಿಗುತ್ತವೆ. ಹಿಂದೆ ಅಗಲದ ವಾಷರ್, ನೈಲಾಕ್ ನಟ್ (ಅಲುಗಾಡಿದರೂ ಸಡಿಲವಾಗದ ನಟ್). ಮಡಚಿದಾಗ ಒಂದಕ್ಕೊಂದು ತಾಗುವ ಮುಖದ ಕಡೆ ಮಾತ್ರ ನಟ್ ಬರಬಾರದು, ಅಲ್ಲಿ ಚಪ್ಪಟೆ ತಲೆಯೇ ಇರಲಿ. ನಾನು ಒಂದು ಸಾಲು ಉಲ್ಟಾ ಹಾಕಿ ಇಡೀ ಭಾನುವಾರ ಕಳೆದೆ.

ಬಿಚ್ಚುವ ಮುಂಚೆ ನಾಲ್ಕೂ ಮೂಲೆಗೆ 2 ಇಂಚಿನ ರೀಪು ಕೊಟ್ಟು ಸೂರು ನಿಲ್ಲಿಸಿ, ಗಾಳಿ ಇಲ್ಲದ ದಿನ, ಜೊತೆಗೆ ಯಾರನ್ನಾದರೂ ಇಟ್ಟುಕೊಂಡು. ಒಂದು ಹಲಗೆ ಪೂರ್ತಿ ಮುಗಿಸಿ, ಎತ್ತಿ ಇಳಿಸಿ ನೋಡಿದ ಮೇಲೇ ಇನ್ನೊಂದಕ್ಕೆ ಕೈ ಹಾಕಿ. ಸೂರು ಪಕ್ಕಕ್ಕೆ ವಾಲದಂತೆ ತಡೆಯುವುದೂ ಈ ಹಲಗೆಗಳೇ. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ರೀಪು ಜಾರಿ ಕ್ಯಾಂಪರ್ ಸುತ್ತಲಿನ ಬಟ್ಟೆಯ ಗೋಡೆಯೂ ಹರಿಯಬಹುದು.