ಮೂವತ್ತನಾಲ್ಕು ಮಂದಿಯ ಕಾರ್ಖಾನೆ ಮತ್ತು ಹೊಸ ಕಾರ್ಮಿಕ ಸಂಹಿತೆಗಳು

ಕಾರ್ಕಳದ ಸಮೀಪ ಗೇರುಬೀಜದ ಕಾರ್ಖಾನೆ ನಡೆಸುವ ಓದುಗರೊಬ್ಬರು ಬರೆದಿದ್ದಾರೆ: ತಮ್ಮಲ್ಲಿ 34 ಮಂದಿ ದುಡಿಯುತ್ತಿದ್ದು, ಹೆಚ್ಚಿನವರು ಮಹಿಳೆಯರು, 300ಕ್ಕಿಂತ ಕಡಿಮೆ ಕಾರ್ಮಿಕರಿರುವವರಿಗೆ ಹೊಸ ಸಂಹಿತೆಗಳಿಂದ ವಿನಾಯಿತಿ ಸಿಕ್ಕಿದೆ ಎಂದು ಲೆಕ್ಕ ಬರೆಯುವವರು ಹೇಳುತ್ತಾರೆ, ಇದು ನಿಜವೇ? ಸಂಬಳದಲ್ಲಿ ಭತ್ಯೆಯ ಪಾಲನ್ನು ಹೆಚ್ಚಿಸಿಕೊಂಡರೆ ಹೊರೆ ತಗ್ಗುತ್ತದೆಯೇ?

ಮಾನ್ಯರೇ, ನಿಮ್ಮ ಲೆಕ್ಕಿಗರು ಹೇಳಿದ ಸಂಖ್ಯೆ ಸರಿ, ಅದರಿಂದ ತೆಗೆದ ತೀರ್ಮಾನ ತಪ್ಪು. ಇಪ್ಪತ್ತೊಂಬತ್ತು ಕೇಂದ್ರ ಕಾನೂನುಗಳನ್ನು ಒಗ್ಗೂಡಿಸಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಾಗ, ಕಾರ್ಖಾನೆ ಮುಚ್ಚಲು ಅಥವಾ ಕಾರ್ಮಿಕರನ್ನು ಕಡಿತಗೊಳಿಸಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ಮಿತಿಯೂ ಸ್ಥಾಯಿ ಆದೇಶಗಳ, ಅಂದರೆ ಕೆಲಸದ ಷರತ್ತುಗಳನ್ನು ಬರೆದಿಡುವ ನಿಯಮಾವಳಿಯ, ಮಿತಿಯೂ 100ರಿಂದ 300ಕ್ಕೆ ಏರಿದವು. ಆ ಸಂಖ್ಯೆ ಈ ಎರಡು ವಿಷಯಗಳಿಗೆ ಸೇರಿದ್ದೇ ಹೊರತು ಉಳಿದವಕ್ಕಲ್ಲ. ಒಂದೊಂದು ಕರ್ತವ್ಯಕ್ಕೂ ಬೇರೆಬೇರೆ ಎಣಿಕೆ ಇದೆ. ವಿದ್ಯುತ್ ಬಳಸುವ ಘಟಕದಲ್ಲಿ 20 ಮಂದಿ ಇದ್ದರೆ ಅದು ಕಾರ್ಖಾನೆಯೇ. ಭವಿಷ್ಯನಿಧಿಗೆ 20 ಮಂದಿ, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಮತ್ತು ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಿಗುವ ಮೊತ್ತ) 10 ಮಂದಿ ಸಾಕು. 20 ಕಾರ್ಮಿಕರಿದ್ದಲ್ಲಿ ಕುಂದುಕೊರತೆ ಸಮಿತಿಯೂ ಬೇಕು, ಅದರಲ್ಲಿ ಮಹಿಳೆಯರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನ ಇರಬೇಕು. ಹೀಗಾಗಿ ನಿಮ್ಮಲ್ಲಿ ಅದು ಬಹುತೇಕ ಮಹಿಳೆಯರದೇ ಸಮಿತಿಯಾಗುತ್ತದೆ. ಶಿಶುವಿಹಾರದ ಮಿತಿ 50 ಇರುವುದರಿಂದ ಅದು ನಿಮಗೆ ಕಡ್ಡಾಯವಲ್ಲ.

ಕಿಲೋ ಲೆಕ್ಕದಲ್ಲಿ ಸಿಪ್ಪೆ ತೆಗೆಯುವವರಿಗೂ ನೇಮಕಾತಿ ಪತ್ರ ಕೊಡಬೇಕು ಎಂಬುದು ನಮ್ಮ ಕರಾವಳಿಯ ಕಾರ್ಖಾನೆಗಳಿಗೆ ದೊಡ್ಡ ಬದಲಾವಣೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಸಾಕೆಂಬ ರೂಢಿ ಇಲ್ಲಿ ಹಳೆಯದು. ಕೆಲಸ ಬಿಟ್ಟಾಕೆ ಎಷ್ಟು ವರ್ಷ ದುಡಿದಳೆಂಬ ಪ್ರಶ್ನೆ ಬಂದಾಗ ನೇಮಕಾತಿ ಪತ್ರದ ಬೆಲೆ ತಿಳಿಯುತ್ತದೆ.

ಭತ್ಯೆಯ ವಿಷಯಕ್ಕೆ ಬರುತ್ತೇನೆ. ವೇತನವಲ್ಲವೆಂದು ಹೊರಗಿಡಬಹುದಾದ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದಷ್ಟನ್ನು ವೇತನಕ್ಕೇ ಸೇರಿಸಬೇಕೆಂದು 2019ರ ವೇತನ ಸಂಹಿತೆ ಹೇಳುತ್ತದೆ. ನಿಮ್ಮ ಮೇಲ್ವಿಚಾರಕರ ಸಂಬಳ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಮೂಲವೇತನ ಮತ್ತು ತುಟ್ಟಿಭತ್ಯೆ 16,000, ಮನೆಬಾಡಿಗೆ ಮತ್ತು ಪ್ರಯಾಣ ಭತ್ಯೆ 24,000. ಭತ್ಯೆ ಅರ್ಧವನ್ನು 4,000 ಮೀರಿದ್ದರಿಂದ ಅದು 16,000ಕ್ಕೆ ಸೇರಿ, ಗಣನೆಗೆ ಬರುವ ವೇತನ 20,000 ಆಗುತ್ತದೆ. ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನ ಎಂಬ ಲೆಕ್ಕದಲ್ಲಿ ಹತ್ತು ವರ್ಷದ ಗ್ರಾಚ್ಯುಟಿ ಸುಮಾರು 92,300ರಿಂದ 1,15,400ಕ್ಕೆ ಏರುತ್ತದೆ. 15,000 ರೂಪಾಯಿಯ ವೇತನ ಮಿತಿಗಷ್ಟೇ ಭವಿಷ್ಯನಿಧಿ ಕಟ್ಟುತ್ತಿದ್ದರೆ ಅದರಲ್ಲಿ ವ್ಯತ್ಯಾಸವಿಲ್ಲ. ಭತ್ಯೆಯನ್ನು ಇನ್ನೂ ಉಬ್ಬಿಸಿದರೆ ಏನೂ ಉಳಿತಾಯವಾಗದು. ನಿಗದಿತ ಅವಧಿಗೆ ನೇಮಿಸಿಕೊಂಡವರಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷದ ಸೇವೆಗೇ ಗ್ರಾಚ್ಯುಟಿ ಸಲ್ಲುತ್ತದೆ.

ಕಡಿಮೆ ವೇತನ ಕೊಟ್ಟರೆ 50,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಮರುಕಳಿಸಿದರೆ ಮೂರು ತಿಂಗಳವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಡಿಮೆ ವೇತನದ ತಪ್ಪಿಗಲ್ಲದಿದ್ದರೂ, ದಾಖಲೆ ಇಡದಂಥ ಇತರ ತಪ್ಪುಗಳಿಗೆ ಮೊದಲ ಸಲ ಮೊಕದ್ದಮೆಗೆ ಮುನ್ನ ತಿದ್ದಿಕೊಳ್ಳಲು ಅವಕಾಶ ಕೊಡಬೇಕೆಂಬುದು ಉದ್ಯಮಿಗಳಿಗೆ ಅನುಕೂಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳಲ್ಲಿ ತೀರಿಸಬೇಕೆಂಬ ನಿಯಮ ಕಠಿಣವಾಗಿದೆ: ತಿಂಗಳ ಕೊನೆಗೆ ಒಮ್ಮೆ ಮಾತ್ರ ಲೆಕ್ಕ ಮಾಡುವ ಪದ್ಧತಿ ನಿಮ್ಮದಾದರೆ, ಮೊದಲು ಬದಲಾಯಿಸಬೇಕಾದದ್ದು ಅದನ್ನೇ.

— ಸಂ.