ಫ್ಯೂರಿ–ಉಸಿಕ್ ಪಂದ್ಯ ಯಾಕಿಷ್ಟು ದೊಡ್ಡದು? ಅಂಡರ್‌ಕಾರ್ಡಿಗೂ ನಿದ್ದೆ ಕೆಡಬೇಕಾ?

(ಇದು 2024ರ ಮೇ ತಿಂಗಳಲ್ಲಿ, ಪಂದ್ಯಕ್ಕೆ ಮೊದಲು ಬರೆದದ್ದು.) ಒಲಿಂಪಿಕ್ಸ್ ಬಾಕ್ಸಿಂಗ್ ಬಿಟ್ಟರೆ ಬೇರೆ ನೋಡಿಲ್ಲ ಅಂದಿದ್ದೀರಿ. ಈ ಶನಿವಾರ, 2024ರ ಮೇ 18ರಂದು, ರಿಯಾದ್‌ನಲ್ಲಿ ನಡೆಯುವ ಬ್ರಿಟನ್ನಿನ ಟೈಸನ್ ಫ್ಯೂರಿ–ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಪಂದ್ಯಕ್ಕೆ ಯಾಕಿಷ್ಟು ಸದ್ದು, ಅದಕ್ಕೂ ಮೊದಲಿನ ಪಂದ್ಯಗಳನ್ನು, ಅಂದರೆ ಅಂಡರ್‌ಕಾರ್ಡನ್ನು, ಕೂತು ನೋಡುವಷ್ಟು ಏನಿದೆ ಅಂತ ನಿಮ್ಮ ಪ್ರಶ್ನೆ. ಎರಡನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಎಲ್ಲವನ್ನೂ ನೋಡಬೇಕಿಲ್ಲ, ಆದರೆ ಆಸ್ಟ್ರೇಲಿಯಾದ ಒಪೆಟಾಯಾ–ಲಾಟ್ವಿಯಾದ ಬ್ರೀಡಿಸ್ ಪಂದ್ಯವನ್ನು ಮಾತ್ರ ತಪ್ಪಿಸಬೇಡಿ. ಅದನ್ನು ನೋಡಿದವರಿಗೆ ಮುಖ್ಯ ಪಂದ್ಯ ಎರಡು ಪಟ್ಟು ಅರ್ಥವಾಗುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಬೆಲ್ಟುಗಳ ಲೆಕ್ಕ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಅಂತ ಬೆಲ್ಟ್ ಕೊಡುವ ದೊಡ್ಡ ಸಂಸ್ಥೆಗಳು ನಾಲ್ಕು: ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ. ಹಾಗಾಗಿ ಒಂದೇ ತೂಕದಲ್ಲಿ ಒಂದೇ ಕಾಲಕ್ಕೆ ನಾಲ್ವರು ಚಾಂಪಿಯನ್‌ಗಳಿರಬಹುದು. ಅತಿ ಭಾರದ ತೂಕವಾದ ಹೆವಿವೇಟ್‌ನಲ್ಲಿ ಈ ಪಂದ್ಯಕ್ಕೆ ಮೊದಲು 'ಇವನೊಬ್ಬನೇ' ಅನ್ನಿಸಿಕೊಂಡ ಕೊನೆಯ ವ್ಯಕ್ತಿ ಲೆನಾಕ್ಸ್ ಲೂಯಿಸ್. 1999ರ ನವೆಂಬರ್‌ನಲ್ಲಿ ಇವಾಂಡರ್ ಹೋಲಿಫೀಲ್ಡ್‌ನನ್ನು ಸೋಲಿಸಿ ಅದನ್ನು ಸಾಧಿಸಿದ. ಆಗ ಮೂರು ಬೆಲ್ಟ್ ಇದ್ದರೆ ಸಾಕಿತ್ತು. ನಾಲ್ಕನ್ನೂ ಒಟ್ಟಿಗೆ ಹಿಡಿದ ಹೆವಿವೇಟ್ ಈ ಪಂದ್ಯದವರೆಗೂ ಇಲ್ಲ. ಫ್ಯೂರಿ ಬಳಿ ಡಬ್ಲ್ಯುಬಿಸಿ ಇದೆ, ಉಳಿದ ಮೂರೂ ಉಸಿಕ್ ಬಳಿ. ಇಬ್ಬರೂ ಸೋಲು ಕಂಡಿಲ್ಲ: ಫ್ಯೂರಿಗೆ 34 ಗೆಲುವು, ಒಂದು ಡ್ರಾ, ಉಸಿಕ್‌ಗೆ 21ಕ್ಕೆ 21.

ಇದು ಕೈಗೂಡಲು ಪಟ್ಟ ಪಾಡು ಸಣ್ಣದಲ್ಲ. 2023ರಲ್ಲಿ ಲಂಡನ್‌ನ ವೆಂಬ್ಲಿಯಲ್ಲಿ ನಡೆಸುವ ಮಾತುಕತೆ ಹಣ ಹಂಚಿಕೆಯ ಜಗಳದಲ್ಲಿ ಮುರಿದುಬಿತ್ತು. ಆಮೇಲೆ ಡಿಸೆಂಬರ್ ಅಂದರು, ಅದು ಫೆಬ್ರವರಿ 17ಕ್ಕೆ ಹೋಯಿತು. ಎರಡು ವಾರ ಇರುವಾಗ ಅಭ್ಯಾಸದಲ್ಲಿ ಫ್ಯೂರಿಯ ಬಲಗಣ್ಣಿನ ಮೇಲೆ ಚರ್ಮ ಸೀಳಿ ಮತ್ತೆ ಮುಂದಕ್ಕೆ. ಆ ಗಾಯವನ್ನು ನೆನಪಿಟ್ಟುಕೊಳ್ಳಿ, ಅದರಿಂದಲೇ ಪಂದ್ಯದ ಒಂದು ಎಳೆ ಹಿಡಿಯಬಹುದು.

ಈಗ ಆಟದ ವಿಷಯ. ಫ್ಯೂರಿ 206 ಸೆಂ.ಮೀ. ಎತ್ತರ, ಉಸಿಕ್ 191. ಹಿಂದಿನ ಪಂದ್ಯಕ್ಕೆ ಫ್ಯೂರಿ 126 ಕಿಲೋ ತೂಗಿದ್ದ, ಉಸಿಕ್ ತನ್ನ ಹಿಂದಿನ ಪಂದ್ಯಕ್ಕೆ ನೂರರ ಆಸುಪಾಸು. ಈ ಅಂಕಿ ನೋಡಿದರೆ ಮುಗಿದೇ ಹೋಯಿತು ಅನಿಸುತ್ತದೆ. ಆದರೆ ಉಸಿಕ್ ಎಡಗೈಯವನು, ಅಂದರೆ ಸೌತ್‌ಪಾ. ಬಲಗಾಲು ಮುಂದಿಟ್ಟು ನಿಲ್ಲುತ್ತಾನೆ. ಫ್ಯೂರಿ ಸಾಮಾನ್ಯವಾಗಿ ಎಡಗಾಲು ಮುಂದಿಡುತ್ತಾನೆ. ಇಬ್ಬರ ಮುಂಗಾಲುಗಳು ಎದುರೆದುರು ಬರುತ್ತವೆ. ಯಾರ ಪಾದ ಹೊರಗಿರುತ್ತದೋ ಅವನ ಹಿಂದಿರುವ ಕೈಗೆ ದಾರಿ ಸಲೀಸು. ಉಸಿಕ್‌ನ ಬಲಪಾದ ಫ್ಯೂರಿಯ ಎಡಪಾದದ ಹೊರಗಡೆ ಊರಿತು ಅನ್ನಿ, ಅವನ ಎಡಗೈ ಏಟು ಫ್ಯೂರಿಯ ಎರಡು ಗ್ಲೌಸುಗಳ ನಡುವೆ ನೇರವಾಗಿ ನುಗ್ಗುತ್ತದೆ. ಫ್ಯೂರಿಯ ಬಲಗೈಯೋ ಗುರಿ ತಪ್ಪಿ ಭುಜದಾಚೆ ಹೋಗುತ್ತದೆ. ಟಿವಿಯಲ್ಲಿ ಎಲ್ಲರ ಕಣ್ಣೂ ಕೈಗಳ ಮೇಲೆ. ನೀವು ಮೊದಲೆರಡು ಸುತ್ತು ಬರೀ ಪಾದ ನೋಡಿ.

ಫ್ಯೂರಿಗೆ ಎಡಗೈಯವರ ರುಚಿ ಗೊತ್ತಿದೆ. 2019ರಲ್ಲಿ ಲಾಸ್ ವೇಗಸ್‌ನಲ್ಲಿ ಒಟ್ಟೊ ವಾಲಿನ್ ಎಂಬ ಸ್ವೀಡನ್ನಿನ ಸೌತ್‌ಪಾ ಮೂರನೇ ಸುತ್ತಿನಲ್ಲೇ ಎಡಗೈಯಿಂದ ಅವನ ಹುಬ್ಬು ಸೀಳಿದ. ಫ್ಯೂರಿ ಅಲ್ಲಿಂದ ಹನ್ನೆರಡನೇ ಸುತ್ತಿನವರೆಗೂ ರಕ್ತ ಒರೆಸಿಕೊಳ್ಳುತ್ತಲೇ ಆಡಿ ಗೆದ್ದ, ಆಮೇಲೆ 47 ಹೊಲಿಗೆ ಬಿತ್ತು. ಅದೂ ಬಲಗಣ್ಣಿನ ಕಡೆಯೇ. ಸೌತ್‌ಪಾ ಎಡಗೈ ಬೀಳುವುದೇ ಅಲ್ಲಿ. ಫೆಬ್ರವರಿಯ ಗಾಯವೂ ಅದೇ ಬದಿಯಲ್ಲಿ ಆದದ್ದರಿಂದ ಉಸಿಕ್ ಪಾಳಯ ಇದನ್ನು ಲೆಕ್ಕಕ್ಕೆ ಹಿಡಿಯದೇ ಇರುತ್ತದೆ ಅಂತ ನನಗನಿಸುವುದಿಲ್ಲ.

ಹಾಗಂತ ಫ್ಯೂರಿಯನ್ನು ಬರೀ ದೊಡ್ಡ ದೇಹ ಅಂತ ತಿಳಿಯಬೇಡಿ. 2018ರ ಡಿಸೆಂಬರ್‌ನಲ್ಲಿ ಅಮೆರಿಕದ ಡಿಯೊಂಟೇ ವೈಲ್ಡರ್ ಜೊತೆಗಿನ ಮೊದಲ ಪಂದ್ಯದ ಹನ್ನೆರಡನೇ ಸುತ್ತನ್ನು ಹುಡುಕಿ ನೋಡಿ. ವೈಲ್ಡರ್‌ನ ಬಲಗೈ ಏಟು, ಹಿಂದೆಯೇ ಎಡ ಹುಕ್, ಅಂದರೆ ಪಕ್ಕದಿಂದ ಬೀಸುವ ಏಟು. ಫ್ಯೂರಿ ಅಂಗಾತ ಬಿದ್ದ, ತೋಳು ಚೆಲ್ಲಿದ್ದವು. ವೈಲ್ಡರ್ ಸಂಭ್ರಮ ಶುರು ಮಾಡಿಯಾಗಿತ್ತು. ರೆಫರಿ ಎಣಿಸುತ್ತಿದ್ದ ಹಾಗೇ ಈ ಮನುಷ್ಯ ಎದ್ದು ನಿಂತ, ಅಷ್ಟೇ ಅಲ್ಲ, ಆ ಸುತ್ತು ಮುಗಿಯುವ ಹೊತ್ತಿಗೆ ವೈಲ್ಡರ್‌ನನ್ನೇ ಹಿಂದಕ್ಕೆ ನಡೆಸುತ್ತಿದ್ದ. ಪಂದ್ಯ ಡ್ರಾ ಆಯಿತು. ಇಂಥವನು ಒಮ್ಮೆ ಬಿದ್ದ ಅಂತ ಕಥೆ ಮುಗಿಯುವುದಿಲ್ಲ. ಮುಂದಿನ ಎರಡು ಪಂದ್ಯಗಳಲ್ಲಿ ಅದೇ ವೈಲ್ಡರ್‌ನನ್ನು ನಾಕೌಟ್ ಮಾಡಿ ಗೆದ್ದ. ಮೈಮೇಲೆ ಭಾರ ಹೇರಿ, ಕತ್ತಿಗೆ ಜೋತುಬಿದ್ದು, ಎದುರಾಳಿಯ ಕಾಲಿನ ಶಕ್ತಿಯನ್ನು ಹೀರುವುದು ಅವನ ಇನ್ನೊಂದು ವಿದ್ಯೆ. ಉಸಿಕ್‌ಗೆ ನಿಜವಾದ ಅಪಾಯ ಅಲ್ಲಿದೆ. ಜೊತೆಗೆ ಹೊಟ್ಟೆಗೆ ಬೀಳುವ ಏಟು. 2023ರ ಆಗಸ್ಟಿನಲ್ಲಿ ಬ್ರಿಟನ್ನಿನ ಡೇನಿಯಲ್ ಡುಬುವಾ ಹೊಡೆದ ಒಂದು ಏಟಿಗೆ ಉಸಿಕ್ ಐದನೇ ಸುತ್ತಿನಲ್ಲಿ ನೆಲಕ್ಕೆ ಕುಸಿದಿದ್ದ. ರೆಫರಿ ಅದು ಸೊಂಟದ ಕೆಳಗಿನ ಏಟು ಅಂತ ತೀರ್ಪಿತ್ತು ಚೇತರಿಸಿಕೊಳ್ಳಲು ಸಮಯ ಕೊಟ್ಟ. ಆ ಚರ್ಚೆ ಈಗಲೂ ನಿಂತಿಲ್ಲ.

ಉಸಿಕ್ ಬಗ್ಗೆ ನನಗೆ ಇರುವ ಗೌರವವನ್ನು ಮುಚ್ಚಿಡುವುದಿಲ್ಲ. ಕ್ರಿಮಿಯಾದಲ್ಲಿ ಹುಟ್ಟಿದವನು, 2012ರ ಲಂಡನ್ ಒಲಿಂಪಿಕ್ಸ್ ಚಿನ್ನ ಗೆದ್ದವನು. ಹೆವಿವೇಟ್‌ಗಿಂತ ಕೆಳಗಿನ ತೂಕವಾದ ಕ್ರೂಸರ್‌ವೇಟ್‌ನಲ್ಲಿ ನಾಲ್ಕು ಬೆಲ್ಟನ್ನೂ ಗೆದ್ದದ್ದು ಎದುರಾಳಿಗಳ ದೇಶಗಳಲ್ಲಿ: ಬ್ರೀಡಿಸ್‌ನನ್ನು ಲಾಟ್ವಿಯಾದ ರೀಗಾದಲ್ಲಿ, ರಷ್ಯಾದ ಗಾಸಿಯೆವ್‌ನನ್ನು ಮಾಸ್ಕೋದಲ್ಲಿ. ಬ್ರಿಟನ್ನಿನ ಹೆವಿವೇಟ್ ಆಂಥನಿ ಜೋಶುವಾನ ಬೆಲ್ಟುಗಳನ್ನು ಕಿತ್ತುಕೊಂಡದ್ದೂ ಲಂಡನ್‌ನಲ್ಲೇ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಊರಿಗೆ ಮರಳಿ ರಕ್ಷಣಾ ಪಡೆ ಸೇರಿದ, ಅದೇ ವರ್ಷ ಜೆದ್ದಾದಲ್ಲಿ ಜೋಶುವಾನನ್ನು ಎರಡನೇ ಸಲ ಸೋಲಿಸಿದ. ಆ ಪಂದ್ಯದ ಒಂಬತ್ತನೇ ಸುತ್ತು ಜೋಶುವಾನದ್ದು, ಉಸಿಕ್ ಒದ್ದಾಡಿದ. ಹತ್ತನೆಯದಕ್ಕೆ ಬಂದವನು ಬೇರೆಯೇ ಮನುಷ್ಯ ಅನ್ನುವ ಹಾಗೆ ಏಟಿನ ಮಳೆ ಸುರಿಸಿದ. ಒಲಿಂಪಿಕ್ಸ್‌ನಲ್ಲಿ ನೀವು ನೋಡಿದ್ದು ಮೂರು ಸುತ್ತು, ಇಲ್ಲಿ ಹನ್ನೆರಡು. ಹೀಗೆ ಸೋಲುವ ಸುತ್ತಿನಿಂದ ಮರಳಿ ಬರುವುದನ್ನು ನೋಡುವುದಕ್ಕೇ ನಾನು ವೃತ್ತಿಪರ ಬಾಕ್ಸಿಂಗ್ ನೋಡುವುದು.

ಇನ್ನು ಅಂಡರ್‌ಕಾರ್ಡ್. ಯಕ್ಷಗಾನದ ಪೂರ್ವರಂಗದಲ್ಲಿ ಎಳೆಯ ವೇಷಗಳು ಗೆಜ್ಜೆ ಕಟ್ಟಿ ಪಳಗುವ ಹಾಗೆ, ಹೊಸಬರು ಪಳಗುವುದೂ ಇಲ್ಲೇ. ನಮ್ಮ ವಿಜೇಂದರ್ ಸಿಂಗ್ 2015ರ ಅಕ್ಟೋಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ವೃತ್ತಿಪರನಾಗಿ ರಿಂಗಿಗಿಳಿದದ್ದು ಇಂಥದ್ದೇ ನಾಲ್ಕು ಸುತ್ತಿನ ಪಂದ್ಯದಲ್ಲಿ. ಎಷ್ಟೋ ಸಲ ಅಂಡರ್‌ಕಾರ್ಡ್ ಹೊತ್ತು ಕಳೆಯುವ ಸರಕಾಗಿರುತ್ತದೆ, ನಿಜ. ಈ ಸಲ ಹಾಗಿಲ್ಲ.

ಜೈ ಒಪೆಟಾಯಾ ಮತ್ತು ಮೈರಿಸ್ ಬ್ರೀಡಿಸ್ ಹೋರಾಡುವುದು ಐಬಿಎಫ್ ಕ್ರೂಸರ್‌ವೇಟ್ ಬೆಲ್ಟಿಗಾಗಿ. ಇವರು 2022ರ ಜುಲೈನಲ್ಲಿ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ ಒಮ್ಮೆ ಸೆಣಸಿದ್ದಾರೆ. ಒಪೆಟಾಯಾನ ದವಡೆ ಎರಡೂ ಬದಿ ಮುರಿದಿತ್ತು. ಅದೂ ಮೊದಲ ಬಿರುಕು ಬಿಟ್ಟದ್ದು ಆರಂಭದ ಸುತ್ತುಗಳಲ್ಲೇ. ಬಾಯಿ ಮುಚ್ಚಲಾಗದೆ ಕೊನೆಯವರೆಗೂ ನಿಂತು ಅಂಕಗಳಲ್ಲಿ ಗೆದ್ದ. ಆಮೇಲೆ ಬ್ರೀಡಿಸ್ ಜೊತೆ ಮತ್ತೆ ಆಡುವ ಬದಲು ಬೇರೊಂದು ಪಂದ್ಯ ಆರಿಸಿಕೊಂಡ ಕಾರಣಕ್ಕೆ ಐಬಿಎಫ್ ಅವನ ಬೆಲ್ಟನ್ನು ವಾಪಸ್ ಪಡೆಯಿತು. ದವಡೆ ಮುರಿದು ಗೆದ್ದ ಬೆಲ್ಟು ಕಾಗದದ ಮೇಲೆ ಹೋಯಿತಲ್ಲ ಅಂತ ನನಗೆ ಇಂದಿಗೂ ಸಂಕಟವಿದೆ.

ಈ ಪಂದ್ಯವನ್ನು ನೋಡಿ ಅಂದದ್ದಕ್ಕೆ ಕಾರಣ ಇದು: ಒಪೆಟಾಯಾ ಎಡಗೈಯವನು, ಬ್ರೀಡಿಸ್ ಬಲಗೈಯವನು. ಮುಖ್ಯ ಪಂದ್ಯದ ಪಾದಗಳ ಜಗಳ ಇಲ್ಲೇ ಮೊದಲು ಕಾಣಸಿಗುತ್ತದೆ, ಕಣ್ಣು ಪಳಗುತ್ತದೆ. ಇನ್ನೊಂದು ನಂಟೂ ಇದೆ. 2018ರಲ್ಲಿ ರೀಗಾದಲ್ಲಿ ಉಸಿಕ್‌ನನ್ನು ಅಂಚಿನವರೆಗೆ ತಳ್ಳಿದವನು ಇದೇ ಬ್ರೀಡಿಸ್. ಒಬ್ಬ ತೀರ್ಪುಗಾರ ಅದನ್ನು ಸಮ ಅಂದಿದ್ದ. ಉಸಿಕ್ ಚಿನ್ನ ಗೆದ್ದ ಲಂಡನ್ ಒಲಿಂಪಿಕ್ಸ್‌ನಲ್ಲಿ ಅದೇ ತೂಕದಲ್ಲಿ ಆಡಿದ್ದ 17ರ ಹುಡುಗ ಒಪೆಟಾಯಾ.

ಉಳಿದವುಗಳಲ್ಲಿ ಜರ್ಮನಿಯ ಅಗಿತ್ ಕಬಾಯೆಲ್ ಮತ್ತು ಕ್ಯೂಬಾದ ಫ್ರಾಂಕ್ ಸ್ಯಾಂಚೆಜ್ ಪಂದ್ಯ ನನಗಿಷ್ಟ. ಇಬ್ಬರೂ ಸೋಲದ ಹೆವಿವೇಟ್‌ಗಳು. ಕಬಾಯೆಲ್ ಡಿಸೆಂಬರ್‌ನಲ್ಲಿ ಇದೇ ರಿಯಾದ್‌ನಲ್ಲಿ ಮಖ್ಮುದೊವ್‌ನನ್ನು ಹೊಟ್ಟೆಗೆ ಹೊಡೆದು ಹೊಡೆದೇ ನಾಲ್ಕನೇ ಸುತ್ತಿನಲ್ಲಿ ಮುಗಿಸಿದ. ಕಾರ್ಡಿಫ್‌ನ ಜೋ ಕಾರ್ಡಿನಾ ಸೂಪರ್ ಫೆದರ್‌ವೇಟ್ ಬೆಲ್ಟನ್ನು ಬೆಲ್‌ಫಾಸ್ಟ್‌ನ ಆಂಥನಿ ಕಕಾಚೆ ಎದುರು ಪಣಕ್ಕಿಡುತ್ತಾನೆ. ಎಲ್ಲರೂ ಕಾರ್ಡಿನಾ ಅನ್ನುತ್ತಿದ್ದಾರೆ, ನಾನು ಕಕಾಚೆಯನ್ನು ಹಗುರವಾಗಿ ತೆಗೆದುಕೊಳ್ಳಲಾರೆ. 19ರ ಮೋಸೆಸ್ ಇಟಾವ್ಮಾ ಬಂದರೆ ಹತ್ತು ನಿಮಿಷ ಕೊಡಿ. 20ನೇ ವಯಸ್ಸಿಗೆ ಹೆವಿವೇಟ್ ಚಾಂಪಿಯನ್ ಆದ ಮೈಕ್ ಟೈಸನ್‌ನ ದಾಖಲೆ ಮುರಿಯುವ ಆಸೆ ಆ ಹುಡುಗನದು.

ಸೋಮವಾರ ಫ್ಯೂರಿಯ ತಂದೆ ಉಸಿಕ್ ತಂಡದವನೊಬ್ಬನಿಗೆ ತಲೆಯಿಂದ ಗುದ್ದಿ ತನ್ನ ಹಣೆಯನ್ನೇ ಒಡೆದುಕೊಂಡ ವಿಡಿಯೊ ನಿಮಗೂ ಬಂದಿರಬಹುದು. ಈ ಆಟವನ್ನು ಅದರಿಂದ ಅಳೆಯಬೇಡಿ.

ಯಾರು ಗೆಲ್ಲುತ್ತಾರೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಉಸಿಕ್, ಅಂಕಗಳ ಮೇಲೆ, ತೀರಾ ಹತ್ತಿರದ ಅಂತರದಲ್ಲಿ. ಮೊದಲ ಆರರಲ್ಲಿ ಫ್ಯೂರಿ ಮುಂದಿರಬಹುದು, ಎಂಟರ ನಂತರ ಉಸಿಕ್ ಕಾಲುಗಳು ಮಾತಾಡುತ್ತವೆ. ಯಾರೇ ಗೆದ್ದರೂ ನಾಲ್ಕು ಬೆಲ್ಟು ಒಟ್ಟಿಗೆ ಬಹಳ ದಿನ ಇರುವುದು ಕಷ್ಟ. ಒಪ್ಪಂದದಲ್ಲಿ ಮರುಪಂದ್ಯದ ಷರತ್ತಿದೆ. ಇತ್ತ ಐಬಿಎಫ್ ತನ್ನ ಮುಂದಿನ ಸ್ಪರ್ಧಿಯನ್ನು ಕಾಯಿಸಲು ಒಪ್ಪುವುದಿಲ್ಲ. ಜೂನ್ 1ಕ್ಕೆ ಹ್ರಗೊವಿಚ್ ಮತ್ತು ಡುಬುವಾ ಅದರ ಮಧ್ಯಂತರ ಬೆಲ್ಟಿಗೆ ಆಗಲೇ ಸಜ್ಜಾಗಿದ್ದಾರೆ. ಹಾಗಾಗಿ ಈ ರಾತ್ರಿಯನ್ನೇ ನೋಡಬೇಕು. ರಿಯಾದ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಅಂಡರ್‌ಕಾರ್ಡ್ ನಮಗೆ ಶನಿವಾರ ರಾತ್ರಿಯೇ ಶುರು, ಮುಖ್ಯ ಪಂದ್ಯ ಭಾನುವಾರ ಬೆಳಗಿನ ಜಾವ ಮೂರೂವರೆ ಸುಮಾರಿಗೆ. ಡಿಎಝಡ್‌ಎನ್ (DAZN) ಎಂಬ ಕ್ರೀಡಾ ಸ್ಟ್ರೀಮಿಂಗ್ ಸೇವೆಯಲ್ಲಿ ದುಡ್ಡು ಕೊಟ್ಟು ನೋಡಬೇಕು. ಸಂಜೆ ಸ್ವಲ್ಪ ಮಲಗಿ, ಒಪೆಟಾಯಾ ಬರುವ ಹೊತ್ತಿಗೆ ಎದ್ದಿರಿ.