ಮಂಡ್ಯ ಸೀಮೆಯ ಕುರುಕ್ಷೇತ್ರ ನಾಟಕ: ಯಾರ ಅಭಿನಯ ಮೇಲು ಅಂತ ಹೇಗೆ ತೀರ್ಮಾನಿಸೋದು?

ನೀವು ಕೇಳಿದ್ದು ಇಷ್ಟು. ಮಂಡ್ಯ ಹತ್ತಿರದ ನಿಮ್ಮ ಊರಿನಲ್ಲಿ ಎಷ್ಟೋ ವರ್ಷದ ಮೇಲೆ ಮತ್ತೆ ಕುರುಕ್ಷೇತ್ರ ನಾಟಕ ಆಡುತ್ತಿದ್ದಾರೆ. ಬಹುಮಾನ ತೀರ್ಮಾನ ಮಾಡುವ ಮೂವರಲ್ಲಿ ನಿಮ್ಮನ್ನೂ ಕೂರಿಸಿದ್ದಾರೆ. ಮೈಸೂರಿನ ರಂಗಾಯಣದಲ್ಲಿ ನಾಟಕ ನೋಡಿ ನಿಮಗೆ ಅಭ್ಯಾಸ, ಪೌರಾಣಿಕ ನಾಟಕ ಪೂರ್ತಿಯಾಗಿ ಕೂತು ನೋಡಿಲ್ಲ. ಚೆನ್ನಾಗಿ ಹಾಡಿದವರಿಗೆ ಕೊಟ್ಟರೆ ಸಾಕಾ, ಇಲ್ಲ ಬೇರೆ ಏನಾದರೂ ನೋಡಬೇಕಾ? ಯಾರಿಗೆ ಕೊಟ್ಟರೂ ಊರಿನಲ್ಲಿ ಬೇಸರ ಆಗಲ್ವಾ?

ಬರೀ ಹಾಡು ನೋಡಿದರೆ ಸಾಲದು. ಕಂಠ ಮುಖ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಂಠ ಒಂದನ್ನೇ ನೋಡಿ ಕೊಟ್ಟರೆ ನಿಜವಾಗಿ ಪಾತ್ರ ಮಾಡಿದವನಿಗೆ ಅನ್ಯಾಯ ಆಗುತ್ತದೆ. ನನ್ನನ್ನು ಕೇಳಿದರೆ, ಮಾತು ಮುಗಿದು ಪದ್ಯ ಶುರುವಾಗುವ ಗಳಿಗೆ ನೋಡಿ. ಪದ್ಯ ಮುಗಿದು ಮತ್ತೆ ಮಾತಿಗೆ ಇಳಿಯುವ ಗಳಿಗೆ ನೋಡಿ. ಪಾತ್ರಧಾರಿಯ ಬಂಡವಾಳ ಅಲ್ಲೇ ಗೊತ್ತಾಗುತ್ತದೆ.

ನಮ್ಮ ತಂದೆ ನಾಟಕದ ಮೇಷ್ಟ್ರಾಗಿದ್ದರು. ಅವರ ಕಾಲು ಹಾರ್ಮೋನಿಯಂ ಪಕ್ಕದಲ್ಲಿ ಕೂತು ನೋಡಿದ್ದೇ ನನ್ನ ಪಾಠ. ಆ ಪೆಟ್ಟಿಗೆಗೆ ಗಾಳಿ ಹಾಕೋದು ಕಾಲಿನಲ್ಲಿ, ಹಾಗಾಗಿ ಎರಡೂ ಕೈ ಸ್ವರಕ್ಕೆ ಬಿಡುವಾಗಿರುತ್ತವೆ. ಮೇಷ್ಟ್ರು ಒಂದು ಕಣ್ಣು ಪಾತ್ರಧಾರಿಯ ಮೇಲೆ ಇಟ್ಟೇ ಇರುತ್ತಾರೆ. ಅವನು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆ, ಎಲ್ಲಿ ಶ್ರುತಿ ಬಿಡುತ್ತಾನೆ, ಎಲ್ಲ ಅವರಿಗೆ ಗೊತ್ತು. ನೀವು ಮುಂದಿನ ಸಾಲಿನಲ್ಲಿ ಕೂರುವುದಾದರೆ ಹಾರ್ಮೋನಿಯಂ ಕಾಣುವ ಕಡೆ ಕೂತುಕೊಳ್ಳಿ.

ಸಂಧಾನದ ದೃಶ್ಯವನ್ನೇ ತೆಗೆದುಕೊಳ್ಳಿ. ಕೃಷ್ಣ ಕೊನೆಗೆ ಐದು ಊರಾದರೂ ಕೊಡು ಅನ್ನುತ್ತಾನೆ. ಸೂಜಿಮೊನೆಯಷ್ಟು ನೆಲವನ್ನೂ ಕೊಡಲ್ಲ ಅಂತ ದುರ್ಯೋಧನ ಎದ್ದು ನಿಲ್ಲುತ್ತಾನೆ. ಮಾತಿಗೆ ಮಾತು ಬೆಳೆದು, ಇನ್ನು ಮಾತು ಸಾಲದು ಅನ್ನುವ ಹೊತ್ತಿಗೆ ಪದ್ಯ ಬರುತ್ತದೆ. ಪದ್ಯ ಇರೋದೇ ಅದಕ್ಕೆ. ಈಗ ಪಾತ್ರಧಾರಿಯನ್ನು ನೋಡಿ. ಕೆಲವರು ಮಾತು ಮುಗಿಸಿ ಸುಮ್ನೆ ನಿಲ್ಲುತ್ತಾರೆ. ಗಂಟಲು ಸರಿ ಮಾಡಿಕೊಳ್ಳುತ್ತಾರೆ, ಮೈಕಿನ ಹತ್ತಿರ ನಾಲ್ಕು ಹೆಜ್ಜೆ ಹೋಗುತ್ತಾರೆ, ಮೇಷ್ಟ್ರ ಕಡೆ ನೋಡಿ ಶ್ರುತಿ ಹಿಡಿಯುತ್ತಾರೆ. ಅಷ್ಟರಲ್ಲಿ ದುರ್ಯೋಧನನ ಸಿಟ್ಟು ಆರಿಹೋಗಿರುತ್ತದೆ. ಆಮೇಲೆ ಎಷ್ಟು ಸೊಗಸಾಗಿ ಹಾಡಿದರೂ ಅದು ಗಾಯಕನ ಹಾಡು. ಇನ್ನು ಕೆಲವರು ಇದ್ದಾರೆ. ಮಾತಿನ ಕೊನೆಯ ಪದವನ್ನೇ ಶ್ರುತಿಗೆ ತಂದು ನಿಲ್ಲಿಸುತ್ತಾರೆ. ಎಲ್ಲಿ ಮಾತು ಮುಗಿಯಿತು, ಎಲ್ಲಿ ಪದ್ಯ ಶುರುವಾಯಿತು ಅನ್ನೋದೇ ನಮಗೆ ತಿಳಿಯಲ್ಲ. ಆ ಸಿಟ್ಟು ಹಾಗೇ ಮೇಲಕ್ಕೆ ಹೋಗುತ್ತದೆ.

ಇಳಿಯುವುದು ಇನ್ನೂ ಕಷ್ಟ. ಪದ್ಯ ಮುಗಿದ ಕೂಡಲೇ ಚಪ್ಪಾಳೆ, ಶಿಳ್ಳೆ. ಒನ್ಸ್ ಮೋರ್ ಕೂಗು. ನೆಂಟರು ಮೇಲೆ ಹತ್ತಿ ಹಾರ ಹಾಕುತ್ತಾರೆ, ನೋಟು ಸಿಕ್ಕಿಸುತ್ತಾರೆ. ಇದು ನಮ್ಮ ಕಡೆಯ ಪ್ರೀತಿ, ಅದನ್ನು ತಪ್ಪು ಅನ್ನಬೇಡಿ. ಹಾರ ಹಾಕಿಸಿಕೊಂಡದ್ದಕ್ಕೆ ಅಂಕ ಕಳೆಯಬೇಡಿ. ಹಾರಗಳು ಎಷ್ಟು ಬಿದ್ದವು ಅಂತ ನೋಡಿ ಅಂಕ ಹಾಕಲೂ ಬೇಡಿ. ಹಾರ ತೆಗೆದು ಪಕ್ಕಕ್ಕೆ ಕೊಟ್ಟ ಮೇಲೆ ಮೊದಲ ಮಾತು ಹೇಗೆ ಬರುತ್ತದೆ ನೋಡಿ. ಅದೇ ಸಭೆ, ಅದೇ ಕೃಷ್ಣ, ಅದೇ ಹಟ ಮತ್ತೆ ಕಣ್ಣ ಮುಂದೆ ಬಂದರೆ ಆತ ಪಾತ್ರವನ್ನು ಎಲ್ಲೂ ಬಿಟ್ಟಿರಲಿಲ್ಲ ಅಂತ ಅರ್ಥ.

ಒನ್ಸ್ ಮೋರ್‌ನಿಂದಲೂ ತುಂಬ ತಿಳಿಯುತ್ತದೆ. ಎರಡನೇ ಸಲ ಹಾಡುವಾಗ ಬರೀ ರಾಗ ಜಾಸ್ತಿ ಎಳೆದರೋ, ಅಥವಾ ಒಂದು ಪದವನ್ನು ಬೇರೆ ಥರ ಒತ್ತಿ ಅರ್ಥ ಬೆಳೆಸಿದರೋ?

ನಿಮಗೆ ಒಂದು ಕಷ್ಟ ಆಗಬಹುದು. ಈ ಅಭಿನಯ ಮೊದಲ ನೋಟಕ್ಕೆ ಅತಿ ಅನ್ನಿಸುತ್ತದೆ. ಕೈ ದೊಡ್ಡದು, ಹೆಜ್ಜೆ ದೊಡ್ಡದು, ದನಿ ದೊಡ್ಡದು. ಎದುರಾಳಿಯ ಜೊತೆ ಮಾತಾಡುತ್ತಾ ಮುಖ ಮಾತ್ರ ಜನರ ಕಡೆ. ಇದು ಕಂಪನಿ ನಾಟಕದಿಂದ, ಅಂದರೆ ಊರೂರು ತಿರುಗಿ ಟೆಂಟಿನಲ್ಲಿ ಆಡುತ್ತಿದ್ದ ವೃತ್ತಿ ತಂಡಗಳಿಂದ ಬಂದ ನಡೆ. ಗುಬ್ಬಿ ಕಂಪನಿ ಶುರುವಾಗಿದ್ದು 1884ರಲ್ಲಿ. ಆಗ ಮೈಕ್ ಎಲ್ಲಿತ್ತು? ಟೆಂಟಿನ ಕೊನೆಯಲ್ಲಿ ಕೂತವರಿಗೂ ಪದ್ಯದ ಒಂದೊಂದು ಅಕ್ಷರ ಕೇಳಬೇಕಿತ್ತು. ಅದೇ ಕಂಪನಿ ಕುರುಕ್ಷೇತ್ರ ಆಡುವಾಗ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತ್ತು. ಅಂಥ ರಂಗದಲ್ಲಿ ಸಣ್ಣ ಅಭಿನಯ ಕಾಣೋದೇ ಇಲ್ಲ. ಹಾಗಾಗಿ ದೊಡ್ಡದಾಗಿದೆ ಅನ್ನೋದು ದೋಷವಲ್ಲ. ಆ ದೊಡ್ಡತನದ ಒಳಗೆ ಏನಾದರೂ ಇದೆಯಾ ಅನ್ನೋದನ್ನು ನೋಡಿ. ಮತ್ತೆ, ನಿಮಗೆ ಅಭ್ಯಾಸವಾದ ರಂಗಾಯಣವನ್ನು 1989ರಲ್ಲಿ ಕಟ್ಟಿದ ಬಿ. ವಿ. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಸೇರಿದ್ದು ಇದೇ ಗುಬ್ಬಿ ಕಂಪನಿಯನ್ನು. ಅವರ ನಾಟಕಗಳಲ್ಲಿ ಹಾಡು ಮಾತಿನ ಜೊತೆ ಬೆರೆತು ಬರೋದನ್ನು ನೋಡಿದವರಿಗೆ ನಮ್ಮ ಪದ್ಯಗಳು ಪೂರ್ತಿ ಹೊಸದು ಅನ್ನಿಸಲ್ಲ.

ಮೈಕ್ ಬಂದ ಮೇಲೂ ಕಿರುಚುವವರು ಇದ್ದಾರೆ. ಅದಕ್ಕೆ ಅಂಕ ಕೊಡಬೇಡಿ.

ನಾಟಕಕ್ಕೆ ಮುಂಚೆ ಮೇಷ್ಟ್ರ ಹತ್ತಿರ ಪುಸ್ತಕ ಇಸಿದುಕೊಂಡು ಪದ್ಯಗಳನ್ನು ಓದಿಬಿಡಿ. ಕಂದ, ವೃತ್ತ ಅನ್ನುವ ಹಳೆಯ ಛಂದಸ್ಸಿನ ಪದ್ಯಗಳಲ್ಲಿ ಹಳೆಯ ಪದಗಳು, ಉದ್ದದ ಸಮಾಸಗಳು ಇರುತ್ತವೆ. ಅರ್ಥ ತಿಳಿದು ಕಲಿತವನು ಅರ್ಥ ಮುಗಿದ ಕಡೆ ಉಸಿರು ತೆಗೆದುಕೊಳ್ಳುತ್ತಾನೆ. ಬಾಯಿಪಾಠ ಮಾಡಿದವನು ಪದದ ನಡುವೆಯೇ ಕತ್ತರಿಸುತ್ತಾನೆ. ಇಷ್ಟು ಗಮನಿಸಿದರೆ ಅರ್ಧ ತೀರ್ಪು ಆದ ಹಾಗೆ. ರಾಗದ ವಿಷಯದಲ್ಲೂ ಹುಷಾರು. ಅಠಾಣ ಎತ್ತಿದರೆ ಸಾಕು, ಮೈಯಲ್ಲಿ ಬಿಸಿ ಏರುತ್ತದೆ. ಶಿವರಂಜಿನಿ ಕೇಳಿದರೆ ಕಣ್ಣು ಒದ್ದೆಯಾಗುತ್ತದೆ. ಅದು ರಾಗ ಕೊಟ್ಟಿದ್ದು. ಪಾತ್ರಧಾರಿ ಅದರ ಮೇಲೆ ತನ್ನದು ಏನು ಸೇರಿಸಿದ ಅಂತ ಕೇಳಿಕೊಳ್ಳಿ.

ಪಾತ್ರ ಪಾತ್ರಕ್ಕೂ ಅಳತೆ ಬೇರೆ. ಪಂಪ ಸಾವಿರ ವರ್ಷದ ಹಿಂದೆಯೇ ಇದನ್ನು ಹೇಳಿಟ್ಟಿದ್ದಾನೆ. ಛಲದಲ್ಲಿ ದುರ್ಯೋಧನ, ನನ್ನಿಯಲ್ಲಿ ಅಂದರೆ ಸತ್ಯದಲ್ಲಿ ಕರ್ಣ, ಗಂಡಸುತನದಲ್ಲಿ ಭೀಮ, ಸಾಹಸದಲ್ಲಿ ಅರ್ಜುನ. ನಾನು ಇದನ್ನೇ ಇಟ್ಟುಕೊಂಡು ನೋಡುತ್ತೇನೆ.

ನಮ್ಮ ಕಡೆ ದುರ್ಯೋಧನ ಖಳನಲ್ಲ, ನಾಯಕ. ಆ ಪಾತ್ರಕ್ಕೆ ಕೈಯಿಂದ ಹಾಕಬೇಕಾದ ದುಡ್ಡೂ ಸಾಮಾನ್ಯವಾಗಿ ಎಲ್ಲರಿಗಿಂತ ಜಾಸ್ತಿ. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದು, ರಾತ್ರಿ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಪದ್ಯ ಕಲಿತು, ತನ್ನ ದುಡ್ಡು ಹಾಕಿ ಒಂದು ರಾತ್ರಿ ರಾಜನಾಗುವ ಮನುಷ್ಯ ಅವನು. ಅವನನ್ನು ಗೌರವದಿಂದ ನೋಡಿ. ಆದರೆ ಛಲ ಅಂದರೆ ಗದೆ ತಿರುಗಿಸಿ ಅಬ್ಬರಿಸೋದಲ್ಲ. ಸಭೆಯಲ್ಲಿ ಅಬ್ಬರಿಸಿದವನು ಕೊನೆಯಲ್ಲಿ ವೈಶಂಪಾಯನ ಸರೋವರದ ಹತ್ತಿರ ಒಬ್ಬನೇ ಬರುತ್ತಾನೆ. ತಮ್ಮಂದಿರಿಲ್ಲ, ಕರ್ಣನಿಲ್ಲ. ಅಲ್ಲೂ ಅದೇ ಅಬ್ಬರ ಇದ್ದರೆ ಆತ ಒಂದೇ ಬಣ್ಣ ಕಲಿತಿದ್ದಾನೆ ಅಂತ. ದನಿ ತಗ್ಗಿ, ಹಟ ಮಾತ್ರ ತಗ್ಗದೆ ಉಳಿದರೆ, ಅದು ದುರ್ಯೋಧನ. ನನಗೆ ಅಂಥ ಪಾತ್ರಧಾರಿ ಸಿಕ್ಕಿದರೆ ಒಂದೆರಡು ಕಡೆ ಶ್ರುತಿ ಬಿಟ್ಟರೂ ಮೊದಲನೇ ಬಹುಮಾನ ಕೊಡುತ್ತೇನೆ.

ಇಲ್ಲಿ ಇನ್ನೊಂದು ಮಾತು. 1977ರಲ್ಲಿ ಬಭ್ರುವಾಹನ ಚಿತ್ರ ಬಂದ ಮೇಲೆ ಹಳ್ಳಿ ಹಳ್ಳಿಯಲ್ಲೂ ರಾಜಕುಮಾರ್ ಅವರ ಥರ ಮಾತಾಡುವ ಪಾತ್ರಧಾರಿಗಳು ಬಂದರು. ಅದರಲ್ಲಿ ಆಶ್ಚರ್ಯ ಇಲ್ಲ. ಅಣ್ಣಾವ್ರು ಬೆಳೆದದ್ದೂ ಗುಬ್ಬಿ ಕಂಪನಿಯಲ್ಲೇ, ಅವರ ತಂದೆ ಪುಟ್ಟಸ್ವಾಮಯ್ಯನವರೂ ಅಲ್ಲೇ ಪಾತ್ರ ಮಾಡಿದವರು. ಆ ಉಚ್ಚಾರ, ಆ ಸ್ಪಷ್ಟತೆ ಕಲಿಯಲೇಬೇಕಾದದ್ದು. ಆದರೆ ಅವರ ತಲೆ ತಿರುಗಿಸುವ ರೀತಿ, ನಗು ಎಲ್ಲವನ್ನೂ ಹಾಗೇ ಎತ್ತಿಕೊಂಡು ಬಂದರೆ ಜನ ಶಿಳ್ಳೆ ಹೊಡೆಯುತ್ತಾರೆ, ದುರ್ಯೋಧನ ಮಾತ್ರ ಕಾಣಲ್ಲ.

ಕರ್ಣನನ್ನು ಕುಂತಿಯ ದೃಶ್ಯದಲ್ಲಿ ನೋಡಿ. ತೊಟ್ಟ ಬಾಣ ಮತ್ತೆ ತೊಡಲ್ಲ ಅಂತ ಮಾತು ಕೊಡುವಾಗ ತನ್ನ ಸಾವನ್ನೇ ಕೊಡುತ್ತಿದ್ದೇನೆ ಅಂತ ಅವನಿಗೆ ಗೊತ್ತು. ಅಳುತ್ತಾ ಹಾಡಿದರೆ ಸುಲಭ. ಅಳು ತಡೆದುಕೊಂಡು ಹಾಡೋದು ಕಷ್ಟ. ತಡೆದುಕೊಂಡವನಿಗೇ ಅಂಕ ಜಾಸ್ತಿ ಕೊಡಿ.

ಭೀಮ, ಅರ್ಜುನರ ಬಗ್ಗೆ ಜಾಸ್ತಿ ಹೇಳಲ್ಲ, ನೋಡಿದ ಕೂಡಲೇ ತಿಳಿಯುತ್ತದೆ. ಕೃಷ್ಣನಿಗೆ ನಗು ಒಂದೇ ಸಾಲದು, ಆ ನಗುವಿನ ಹಿಂದೆ ಲೆಕ್ಕ ಇರಬೇಕು.

ಶಕುನಿಯನ್ನು ಮಾತ್ರ ಮರೆಯಬೇಡಿ. ಅವನ ಪಾಲಿಗೆ ಬರುವ ಪದ್ಯ ಕಡಿಮೆ, ಹಾರ ಇನ್ನೂ ಕಡಿಮೆ. ನಾಟಕದ ಎಷ್ಟೋ ಹೊತ್ತು ದುರ್ಯೋಧನನ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳೋದೇ ಅವನ ಕೆಲಸ. ಅಭಿನಯ ಅಂದರೆ ಏನು ಅಂತ ಕೇಳಿದರೆ ನಾನು ಮೊದಲು ಇದನ್ನೇ ಹೇಳುತ್ತೇನೆ. ಒಬ್ಬರು ಪದ್ಯ ಹಾಡುವಾಗ ಉಳಿದವರು ಏನು ಮಾಡುತ್ತಿದ್ದಾರೆ ನೋಡಿ. ಕಿರೀಟ ಸರಿ ಮಾಡಿಕೊಳ್ಳುತ್ತಾ, ಮುಂದಿನ ಸಾಲಿನ ಹೆಂಡತಿ ಮಕ್ಕಳನ್ನು ಹುಡುಕುತ್ತಾ ನಿಂತಿದ್ದಾರಾ? ಆ ಪದ್ಯದ ಒಂದೊಂದು ಮಾತು ಅವರಿಗೆ ತಾಗುತ್ತಿದೆಯಾ? ವಿದುರ, ಭೀಷ್ಮ, ಧರ್ಮರಾಯ ಮಾಡುವವರ ನಿಜವಾದ ಪರೀಕ್ಷೆ ಇದೇ. ಸಭೆಯ ದೃಶ್ಯದಲ್ಲಿ ಒಂದು ಪದ್ಯ ಪೂರ್ತಿ ಹಾಡುವವನನ್ನು ಬಿಟ್ಟು ಬೇರೆಯವರನ್ನೇ ನೋಡಿ. ಎಷ್ಟೋ ಒಳ್ಳೆಯ ಪಾತ್ರಧಾರಿಗಳು ಅಲ್ಲಿ ಕಣ್ಣಿಗೆ ಬೀಳುತ್ತಾರೆ.

ಸ್ತ್ರೀ ಪಾತ್ರಗಳ ವಿಷಯದಲ್ಲಿ ತುಂಬ ಅನ್ಯಾಯ ನಡೆಯುತ್ತದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ದ್ರೌಪದಿ, ಕುಂತಿ, ಉತ್ತರೆ ಮಾಡುವವರು ಸಾಮಾನ್ಯವಾಗಿ ವೃತ್ತಿ ಕಲಾವಿದೆಯರು, ಹೊರಗಿನಿಂದ ಕರೆಸಿದವರು. ಊರಿನವರು ತಿಂಗಳುಗಟ್ಟಲೆ ಕಲಿತ ನಾಟಕಕ್ಕೆ ಅವರು ಬಂದು ಸೇರುವುದು ಕೊನೆಯ ಟ್ರಯಲ್ಲಿಗೋ, ಕೆಲವು ಸಲ ನಾಟಕದ ದಿನವೇ. ಎದುರಿನವನು ಮಾತು ಮರೆತರೆ ಅದನ್ನೂ ಅವರೇ ಎತ್ತಿ ಕೊಟ್ಟು ದೃಶ್ಯ ಉಳಿಸುತ್ತಾರೆ. ಶ್ರುತಿಯ ತೊಂದರೆ ಬೇರೆ. ಗಂಡಸಿನ ಶ್ರುತಿಗೆ ಹೊಂದಿಸಿದ ಜೋಡಿ ಹಾಡಿನಲ್ಲಿ ಹೆಣ್ಣಿನ ದನಿ ಕೆಳಗಿನ ಸ್ವರಗಳಲ್ಲಿ ಮುಳುಗುತ್ತದೆ. ಆಗ ದನಿ ಏಳಲಿಲ್ಲ ಅಂತ ಅವರ ಅಂಕ ಕಳೆದರೆ ಹೇಗೆ? ಅವರು ಒಬ್ಬರೇ ಹಾಡುವ ಪದ್ಯ ಕೇಳಿ ತೀರ್ಮಾನ ಮಾಡಿ. ವೃತ್ತಿಯವರು ಅಂತ ಬಹುಮಾನದ ಪಟ್ಟಿಯಿಂದಲೇ ಬಿಡುವುದಾದರೆ ಅದನ್ನು ಮೊದಲೇ ಹೇಳಿಬಿಡಿ, ಬೇರೆ ಒಂದು ಗೌರವವನ್ನಾದರೂ ಇಡಿ.

ನಿಮ್ಮ ಊರಿನದು ಬಹಳ ವರ್ಷದ ಮೇಲೆ ಆಗುತ್ತಿರುವ ನಾಟಕ. ಹಳಬರು ಖಂಡಿತ ಹೇಳುತ್ತಾರೆ, ಆ ಕಾಲದ ದುರ್ಯೋಧನನ ಮುಂದೆ ಇವನೇನು ಅಂತ. ಅವರ ಮಾತು ತಳ್ಳಿಹಾಕಬೇಡಿ. ಆಗಿನವರು ಏನು ಮಾಡುತ್ತಿದ್ದರು ಅಂತ ಬಿಡಿಸಿ ಕೇಳಿ. ಇಂಥ ಪದ್ಯವನ್ನು ಕೂತೇ ಹಾಡುತ್ತಿದ್ದರು, ಇಂಥ ಮಾತಿಗೆ ಕಿರೀಟ ತೆಗೆಯುತ್ತಿದ್ದರು ಅಂತ ಹೇಳಿದರೆ ಅದು ಊರಿನ ನಾಟಕದ ಪಾಠ. ಬರೀ ಅವರ ಹಾಗೆ ಯಾರೂ ಇಲ್ಲ ಅಂದರೆ ಕೇಳಿಸಿಕೊಂಡು ಸುಮ್ಮನಿರಿ. ಈಗಿನ ಹುಡುಗ ಈಗಿನ ರಂಗದ ಮೇಲೆ ಮಾಡಿದ್ದಕ್ಕೆ ಮಾತ್ರ ಅಂಕ. ಹಿಂದೆ ಬೆಳಗಿನವರೆಗೆ ಆಡಿದ್ದನ್ನು ಈಗ ಕೆಲವು ಗಂಟೆಗೆ ಇಳಿಸಿದ್ದರೆ ಯಾವ ದೃಶ್ಯ ಬಿಟ್ಟಿದ್ದಾರೆ ಅಂತ ಮೇಷ್ಟ್ರನ್ನು ಕೇಳಿಕೊಳ್ಳಿ. ಕುಂತಿಯ ದೃಶ್ಯವನ್ನೇ ತೆಗೆದಿದ್ದರೆ ಕರ್ಣ ಮಾಡಿದವನು ಪಾಪ ಏನು ತಾನೇ ತೋರಿಸಬಲ್ಲ?

ರಾತ್ರಿಯಿಡೀ ಆಡುವುದಾದರೆ ನಿಮ್ಮ ಆಯಾಸಕ್ಕೆ ಪಾತ್ರಧಾರಿಗಳು ದಂಡ ತೆರಬಾರದು. ಬೆಳಗಿನ ಜಾವ ಬರುವ ಅಭಿಮನ್ಯು, ಉತ್ತರೆಯರ ಬೀಳ್ಕೊಡುಗೆಯ ಹೊತ್ತಿಗೆ ತೀರ್ಪುಗಾರರು ತೂಕಡಿಸುತ್ತಿರುತ್ತಾರೆ. ಪ್ರತಿ ದೃಶ್ಯ ಮುಗಿದ ಕೂಡಲೇ ಪರದೆ ಬಿದ್ದಾಗ ನಾಲ್ಕು ಮಾತು ಬರೆದಿಡಿ. ಅಂಕ ಆಮೇಲೆ ಹಾಕಿ. ರಾತ್ರಿ ಒಂಬತ್ತಕ್ಕೆ ಹಾಡಿದ ಕಂಠವನ್ನೂ ಬೆಳಗಿನ ನಾಲ್ಕಕ್ಕೆ ಹಾಡಿದ ಕಂಠವನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಊರಿನಲ್ಲಿ ಬೇಸರ ಆಗಲ್ವಾ ಅಂತಲೂ ಕೇಳಿದ್ದೀರಿ. ಕಾರಣ ಹೇಳದೆ ಹೆಸರು ಕೂಗಿದರೆ ಆಗುತ್ತದೆ. ಮೈಕ್ ಹಿಡಿದು ಇಂಥ ದೃಶ್ಯದಲ್ಲಿ ಇಂಥ ಪದ್ಯವನ್ನು ಇವರು ಹೀಗೆ ಎತ್ತಿಕೊಂಡರು, ಅದಕ್ಕೆ ಈ ಬಹುಮಾನ ಅಂತ ಹೇಳಿ. ಸೋತವನೂ ಆ ಪದ್ಯ ನೆನಪಿಸಿಕೊಂಡು ಒಪ್ಪುತ್ತಾನೆ. ಮತ್ತೆ ಸಮಿತಿಯವರ ಹತ್ತಿರ ಇವತ್ತೇ ಮಾತಾಡಿ, ಕಡಿಮೆ ಪದ್ಯ ಇರುವ ಪಾತ್ರಗಳಿಗೆ ಅಂತ ಒಂದು ಬಹುಮಾನ ಬೇರೆಯಾಗಿ ಇಡಿಸಿ. ಇಲ್ಲದಿದ್ದರೆ ಶಕುನಿ, ವಿದುರ ಎಷ್ಟೇ ಚೆನ್ನಾಗಿ ಮಾಡಿದರೂ ನಿಮ್ಮ ಪಟ್ಟಿಗೆ ಬರುವುದೇ ಇಲ್ಲ.